ಸ್ಟೂಲಮ್ಮನ ಹತ್ತು ನಿಮಿಷ

ಪ್ರತಿ ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಸ್ಟೂಲಮ್ಮ ನನ್ನ ಸ್ಟೋರಿನ ಕಿಟಕಿಗೆ ಬಂದು ಒಂದು ಬಿಳಿ ಚಾಕ್ ಪೀಸು ಕೇಳುತ್ತಿದ್ದಳು. ವಾರಕ್ಕೆ ಒಂದೇ. ಇಪ್ಪತ್ತೆರಡು ವರ್ಷಗಳಲ್ಲಿ ಒಂದೇ ವಾರ ಎರಡನೆಯದನ್ನು ಕೇಳಿದಳು. ಆ ಮಾತು ಮುಂದೆ ಬರುತ್ತದೆ.

ನಾನಾಗ ಚಿತ್ರಕಲಾ ಕಾಲೇಜೊಂದರಲ್ಲಿ ಸ್ಟೋರ್ ಕೀಪರ್. ಕಾಗದ, ಬಣ್ಣ, ಇದ್ದಿಲ ಕಡ್ಡಿ ಎಣಿಸಿ ಕೊಡುವುದು ನನ್ನ ಕೆಲಸ. ಕಲೆಯ ಬಗ್ಗೆ ನನಗೆ ತಿಳಿದಿರುವುದು ಯಾವ ಬಣ್ಣ ಬೇಗ ಖಾಲಿಯಾಗುತ್ತದೆ, ಯಾವುದು ಟ್ಯೂಬಿನಲ್ಲೇ ಒಣಗಿ ಕಲ್ಲಾಗುತ್ತದೆ ಎಂಬಷ್ಟೇ. ಕಲಾವಿದರ ಬಗ್ಗೆ ಮಾತ್ರ ಬೇಕಾದಷ್ಟು ಗೊತ್ತು. ಮನುಷ್ಯಕುಲವನ್ನೇ ಉದ್ಧಾರ ಮಾಡುತ್ತೇನೆಂದು ಹೊರಟವರು ಒಯ್ದ ಬ್ರಷ್ಷನ್ನು ತೊಳೆದು ತಂದುಕೊಟ್ಟಿದ್ದನ್ನು ನಾನು ನೋಡಿಲ್ಲ.

ಸ್ಟೂಲಮ್ಮನ ಕೆಲಸ ಕೂರುವುದು. ಹುಡುಗರು ಮನುಷ್ಯರನ್ನು ಬರೆಯಲು ಕಲಿಯಬೇಕಲ್ಲ, ಅದಕ್ಕೆ ಎದುರಿಗೊಬ್ಬ ಮನುಷ್ಯ ಬೇಕು. ತರಗತಿಯ ನಡುವಿನ ಹಲಗೆಯ ವೇದಿಕೆ ಮೇಲೆ ಒಂದು ಮರದ ಸ್ಟೂಲು, ಅದರ ಮೇಲೆ ಈಕೆ. ಕೂತ ತಕ್ಷಣ ಬಗ್ಗಿ ತನ್ನ ಎರಡೂ ಪಾದಗಳ ಸುತ್ತ ಚಾಕಿನಲ್ಲಿ ಗೆರೆ ಎಳೆದುಕೊಳ್ಳುತ್ತಿದ್ದಳು. ನಲವತ್ತು ನಿಮಿಷ ಕೂರುವುದು, ಹತ್ತು ನಿಮಿಷ ಬಿಡುವು. ಬಿಡುವು ಮುಗಿಸಿ ಬಂದು ಅದೇ ಗೆರೆಯೊಳಗೆ ಪಾದ ಇಟ್ಟರೆ ಮೊದಲಿನ ಭಂಗಿ ಹಾಗೇ ವಾಪಸು ಬರುತ್ತಿತ್ತು.

"ಪಾದ ಸರಿಯಾದ್ರೆ ಮಿಕ್ಕಿದ್ದೆಲ್ಲ ತಾನಾಗೇ ಬಂದು ಕೂರುತ್ತೆ ಸ್ಟೋರಣ್ಣ," ಅನ್ನುತ್ತಿದ್ದಳು. "ಕತ್ತು ಎಲ್ಲಿತ್ತು, ಭುಜ ಎಲ್ಲಿತ್ತು ಅಂತ ಹುಡುಕೋಕೆ ಹೋದ್ರೆ ಕೆಟ್ಟಿತು."

ಈ ಕೆಲಸಕ್ಕೆಂದು ಬಂದವಳಲ್ಲ ಆಕೆ. ಗಂಡ ತೀರಿಕೊಂಡ ವರ್ಷ, ಒಂಬತ್ತು ವರ್ಷದ ಮಗನನ್ನು ಕಟ್ಟಿಕೊಂಡು ಕಾಲೇಜಿನಲ್ಲಿ ಕಸ ಗುಡಿಸಲು ಸೇರಿದಳು. ಒಂದು ದಿನ ಮಾಡೆಲ್ ಕೆಲಸದ ಮುದುಕ ಕೈಕೊಟ್ಟ. ಡ್ರಾಯಿಂಗ್ ಮೇಷ್ಟ್ರು ಕಾರಿಡಾರಿನಲ್ಲಿದ್ದ ಈಕೆಯನ್ನು ಕರೆದು, "ಒಂದೈದು ನಿಮಿಷ ಕೂತ್ಕೊಳಮ್ಮ," ಎಂದು ಹೇಳಿ ಟೀ ಕುಡಿಯಲು ಹೋದವರು ಯಾರದೋ ಜೊತೆ ಮಾತಿಗೆ ನಿಂತು ಮರೆತೇಬಿಟ್ಟರು. ಎರಡು ಗಂಟೆ ಕಳೆದು ಬಂದು ನೋಡಿದರೆ ಕೂತವಳು ಕೂತ ಹಾಗೇ ಇದ್ದಾಳೆ. ಪೊರಕೆ ಕೂಡ ಕೈಯಲ್ಲೇ ಇದೆ. ಎದ್ದೇಳು ಎಂದು ಯಾರೂ ಹೇಳಿರಲಿಲ್ಲವಂತೆ. ಮಾರನೆಯ ದಿನದಿಂದ ಪೊರಕೆ ಬೇರೆಯವರಿಗೆ ಹೋಯಿತು.

ಬಟ್ಟೆ ಬಿಚ್ಚಿ ಕೂರುವ ಕೆಲಸವಲ್ಲ ಅದು. ಕುತ್ತಿಗೆವರೆಗೆ ಶಾಲು ಹೊದ್ದೇ ಕೂರುತ್ತಿದ್ದಳು. ಆದರೆ ಬೀದಿಯ ಬಾಯಿಗೆ ಅಷ್ಟು ವಿವರ ಬೇಕಿಲ್ಲ. ಗಂಡಸರ ಮುಂದೆ ಗಂಟೆಗಟ್ಟಲೆ ಕೂತು ಸಂಬಳ ತರುವ ವಿಧವೆ ಎಂದರೆ ಸಾಕು, ಮಿಕ್ಕಿದ್ದನ್ನು ಜನ ತಾವೇ ತುಂಬಿಕೊಳ್ಳುತ್ತಾರೆ. ಹಾಗಾಗಿ ಮನೆಯಲ್ಲಿ ಮಗನಿಗೆ, ಬೀದಿಯಲ್ಲಿ ನೆರೆಯವರಿಗೆ ಆಕೆ ಕೊನೆವರೆಗೂ ಕಸ ಗುಡಿಸುವವಳೇ. ಮಗ ದೊಡ್ಡವನಾಗಿ ಬಸ್ ಕಂಡಕ್ಟರಾದ. ಸಂಜೆ ನಾನು ಮನೆಗೆ ಹೋಗುತ್ತಿದ್ದದ್ದೂ ಅವನ ಬಸ್ಸಿನಲ್ಲೇ. "ನಮ್ಮಮ್ಮನಿಗೆ ಕೆಲಸ ಜಾಸ್ತೀನಾ ಸಾರ್?" ಎಂದು ಕೇಳುತ್ತಿದ್ದ. "ಏನಿಲ್ಲಪ್ಪ, ನಿಮ್ಮಮ್ಮ ಬಂದ್ಮೇಲೆ ನಮ್ಮ ಕಾಲೇಜು ಫಳಫಳ ಅಂತಿದೆ," ಎಂದು ನಾನು ಲಜ್ಜೆಯಿಲ್ಲದೆ ಸುಳ್ಳು ಹೇಳುತ್ತಿದ್ದೆ.

ಹೀಗೆ ಇಪ್ಪತ್ತೆರಡು ವರ್ಷ ಆ ಮುಖವನ್ನು ಸಾವಿರಾರು ಸಲ ಬರೆದರು. ಎಡ ಹುಬ್ಬನ್ನು ಎರಡು ತುಂಡು ಮಾಡಿದ್ದ ಹಳೆಯ ಗಾಯದ ಗುರುತು ಒಂದೂ ತಪ್ಪದೆ ಎಲ್ಲ ಚಿತ್ರದಲ್ಲೂ ಬರುತ್ತಿತ್ತು. ಮಗ ನಾಲ್ಕು ವರ್ಷದವನಿದ್ದಾಗ ಬೀಸಿದ ಬುಗುರಿ ಮಾಡಿದ ಗಾಯ ಅದು. ಅಲ್ಲಾಡದೆ ಕೂತಾಗ ಏನು ಯೋಚನೆ ಮಾಡ್ತೀರಿ ಎಂದು ಹುಡುಗರು ಕೇಳಿದರೆ, "ಏನೋ ಒಂದು ಲೆಕ್ಕ ಹಾಕ್ತಿರ್ತೀನಿ," ಎಂದು ತೇಲಿಸಿಬಿಡುತ್ತಿದ್ದಳು. ಆಕೆಗೆ ಗೋಡೆ ಗಡಿಯಾರ ಬೇಕಿರಲಿಲ್ಲ. ನಲವತ್ತು ನಿಮಿಷ ಆಯಿತೆಂದು ತಾನೇ ಎದ್ದರೆ ಸರಿಯಾಗಿ ನಲವತ್ತೇ ಆಗಿರುತ್ತಿತ್ತು.

ಆ ವರ್ಷ ಊರಿನ ಹೆರಿಗೆ ಆಸ್ಪತ್ರೆಯನ್ನು ಮುಚ್ಚಿ ಆ ಜಾಗದಲ್ಲಿ ಕಾರು ನಿಲ್ಲಿಸಲು ಕಟ್ಟಡ ಕಟ್ಟುತ್ತಾರೆಂಬ ಸುದ್ದಿ ಬಂತು. ಬಿಟ್ಟಿ ಹೆರಿಗೆಯ ಜಾಗ ಅದೊಂದೇ. ಊರಿನ ಅರ್ಧ ಜನ ಅಲ್ಲೇ ಹುಟ್ಟಿದವರು. ಮನವಿ ಬರೆದರು, ಮೆರವಣಿಗೆ ಮಾಡಿದರು, ಕೇಳಿದವರು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ ಕಳಿಸಿದರು. ಆಗ ನಮ್ಮ ಹುಡುಗರಿಗೆ ಮೈಮೇಲೆ ಬಂತು. ಅವರ ಮುಂದಾಳು ಕೊನೆಯ ವರ್ಷದ ಒಬ್ಬ ಹುಡುಗಿ. ಕೈ, ಮೂಗು, ಹಣೆ ಯಾವಾಗಲೂ ಕಪ್ಪಾಗಿರುತ್ತಿದ್ದುದರಿಂದ ಅವಳನ್ನು ಎಲ್ಲರೂ ಇದ್ದಿಲು ಎಂದೇ ಕರೆಯುತ್ತಿದ್ದರು. ಆಸ್ಪತ್ರೆಯ ಬೀದಿಬದಿಯ ಗೋಡೆ ಮೂವತ್ತು ಅಡಿ ಎತ್ತರ. ಅದರ ತುಂಬ ಮಗುವನ್ನು ಎತ್ತಿಕೊಂಡ ತಾಯಿಯ ಚಿತ್ರ ಬರೆಯುವುದೆಂದು ತೀರ್ಮಾನವಾಯಿತು.

ಬಣ್ಣ ಕೊಟ್ಟವನು ನಾನೇ. ಕಾಗದದ ಮೇಲೆ ಚೌಕ ಹಾಕಿ ಮಾಡಿದ್ದ ನಕ್ಷೆಯನ್ನು ಇದ್ದಿಲು ಕಿಟಕಿಯ ಮೇಲೆ ಹರಡಿದಾಗ ಹುಬ್ಬಿನ ಗಾಯ ನನ್ನ ಕಣ್ಣಿಗೆ ಬಿತ್ತು. ಅವಳಿಗೆ ಹೇಳಬಹುದಿತ್ತು. ನನಗೇಕೆ ಊರ ಉಸಾಬರಿ ಎಂದು ಬಣ್ಣದ ಡಬ್ಬಿ ಎತ್ತಿಕೊಟ್ಟೆ. ಈಗಲೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ತಪ್ಪು ನಡೆದದ್ದು ಹೀಗೆ. ಹೆರಿಗೆ ಆಸ್ಪತ್ರೆಗೆ ಬೇಕಾದದ್ದು ಇಪ್ಪತ್ತೋ ಇಪ್ಪತ್ತೈದೋ ವಯಸ್ಸಿನ ತಾಯಿ. ಆದರೆ ಮೂರು ವರ್ಷ ಒಂದೇ ಮುಖವನ್ನು ನೋಡಿ ಬರೆದ ಕೈಗಳು ಅವು, ಬೇರೆ ಮುಖ ಬರೆಯಲು ಬರುತ್ತಿರಲಿಲ್ಲ. ಮಾದರಿಯಿಲ್ಲದೆ ಬರೆದ ಎಳೆಯ ತಾಯಂದಿರೆಲ್ಲ ಸೋಪಿನ ಜಾಹೀರಾತಿನವರಂತೆ ಕಂಡರಂತೆ. ಕೊನೆಗೆ ಕೈಗೆ ಒಗ್ಗಿದ್ದನ್ನೇ ಬರೆದರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಮೂರು ದಿನ ಕಳೆದು ಅಟ್ಟಣಿಗೆ ಬಿಚ್ಚಿದಾಗ ಹೆರಿಗೆ ಆಸ್ಪತ್ರೆಯ ಗೋಡೆ ಮೇಲೆ ಅರವತ್ತು ವರ್ಷದ ಹೆಂಗಸೊಬ್ಬಳು ಹಸುಗೂಸನ್ನು ಮಡಿಲಲ್ಲಿಟ್ಟುಕೊಂಡು ಊರನ್ನೇ ನೆಟ್ಟಗೆ ನೋಡುತ್ತಿದ್ದಳು.

ಚಿತ್ರ ಚೆನ್ನಾಗಿತ್ತು. ನನ್ನಂಥವನಿಗೂ ಗೊತ್ತಾಗುವಷ್ಟು ಚೆನ್ನಾಗಿತ್ತು. ಆದರೆ ಊರು ನಕ್ಕಿತು. "ಈ ವಯಸ್ಸಲ್ಲಿ ಬಾಣಂತನ ಬೇಕಿತ್ತಾ?" ಎಂದು ಕೇಳಿದವರೆಷ್ಟೋ. "ಅಪ್ಪ ಯಾರೋ?" ಎಂದವರೂ ಇದ್ದರು. ಎರಡೇ ದಿನದಲ್ಲಿ ಆ ಬಸ್ ಸ್ಟಾಪಿನ ಹೆಸರು ಬದಲಾಯಿತು. ಜನ ಚಿಲ್ಲರೆ ಚಾಚಿ, "ಒಂದು ಮುದುಕಿ ಕೊಡಿ," "ಎರಡು ಮುದುಕಿ, ಒಂದು ಮಾರ್ಕೆಟ್," ಎಂದು ಟಿಕೆಟ್ ಕೇಳತೊಡಗಿದರು.

ಟಿಕೆಟ್ ಹರಿಯುತ್ತಿದ್ದವನು ಸ್ಟೂಲಮ್ಮನ ಮಗ. ಬುಗುರಿ ಬೀಸಿದ ಕೈಗೆ ಆ ಗಾಯ ಗೊತ್ತಾಗದೆ ಇರುತ್ತದೆಯೇ? ಮೊದಲ ದಿನವೇ ಗೊತ್ತಾಗಿತ್ತು. "ಆಸ್ಪತ್ರೆ ಅನ್ರೀ," ಎಂದು ಗದರುತ್ತಿದ್ದ. ಜನ ಇನ್ನಷ್ಟು ನಗುತ್ತಿದ್ದರು. ದಿನಕ್ಕೆ ಎಂಟು ಸಲ ಅವನ ಬಸ್ಸು ಆ ಗೋಡೆಯ ಮುಂದೆ ನಿಲ್ಲುತ್ತಿತ್ತು. ಎಂಟು ಸಲವೂ ಅವನು ಚೀಲದೊಳಗೆ ಮುಖ ಹುದುಗಿಸಿ ಚಿಲ್ಲರೆ ಹುಡುಕುವ ನಾಟಕ ಮಾಡುತ್ತಿದ್ದ.

ಸ್ಟೂಲಮ್ಮನಿಗೆ ತಿಳಿದದ್ದು ಸೋಮವಾರ. ಚಾಕಿಗೆ ಬಂದವಳಿಗೆ ನಾನೇ ಹೇಳಿದೆ. ಆಕೆ ಆಸ್ಪತ್ರೆವರೆಗೆ ನಡೆದು ಹೋಗಿ, ನೋಡಿ, ನಡೆದು ಬಂದು, ನೇರ ತರಗತಿಗೆ ಹೊಕ್ಕಳು. ಮೇಷ್ಟ್ರ ಎದುರಿಗೇ ಇದ್ದಿಲನ್ನು ಕರೆದಳು.

"ಅಲ್ಲಿರೋದು ಯಾರಮ್ಮ?"

"ಅದು ನೀವಲ್ಲ ಅಮ್ಮ," ಎಂದಳು ಹುಡುಗಿ. "ಅದು ಎಲ್ಲ ತಾಯಂದಿರೂ. ಒಂದು ಸಂಕೇತ ಅಷ್ಟೆ."

"ಎಲ್ಲ ತಾಯಂದಿರಿಗೂ ಎಡ ಹುಬ್ಬು ಒಡೆದಿರುತ್ತಾ?"

ಮೇಷ್ಟ್ರು ಏನೋ ದೊಡ್ಡ ಮಾತು ಹೇಳಲು ಗಂಟಲು ಸರಿಮಾಡಿಕೊಂಡರು, ಆಕೆಯ ಮುಖ ನೋಡಿ ಕಪ್ಪುಹಲಗೆ ಒರೆಸತೊಡಗಿದರು.

"ಮೂರು ವರ್ಷ ನೋಡಿದ್ದೀಯಲ್ಲ ನನ್ನ, ಒಂದು ಉಗುರೂ ಬಿಡದೆ," ಎಂದಳು ಸ್ಟೂಲಮ್ಮ. "ಒಂದು ಮಾತು ಕೇಳಬೇಕು ಅಂತ ಅನ್ನಿಸ್ಲಿಲ್ವಾ? ನಾನು ಹೂಜಿನಾ?"

ಹೂಜಿ ಎಂದರೆ ತರಗತಿಯ ಮೂಲೆಯಲ್ಲಿದ್ದ ಮಣ್ಣಿನ ಹೂಜಿ. ಮಾಡೆಲ್ ಸಿಗದ ದಿನ ಅದನ್ನಿಟ್ಟು ಚಿತ್ರ ಬರೆಸುತ್ತಿದ್ದರು. ಆ ಹುಡುಗಿ ಅಲ್ಲೇ ಅತ್ತಳು. ನನಗೆ ಅವಳ ಮೇಲೆ ಕನಿಕರ ಬರಲಿಲ್ಲ. ಬರಬೇಕಾಗಿತ್ತೇನೋ.

ಅದೇ ಸಂಜೆ ಮನೆಯಲ್ಲಿ ನಡೆದದ್ದನ್ನು ಆಕೆ ಆಮೇಲೆ ನನಗೆ ಹೇಳಿದಳು. ಮಗ ಊಟ ಮಾಡಿ ಕೈ ತೊಳೆದು, ಗೋಡೆ ಕಡೆ ನೋಡಿಕೊಂಡು, "ನಾಳೆಯಿಂದ ಕಾಲೇಜಿಗೆ ಹೋಗಬೇಡ," ಎಂದನಂತೆ. ಯಾಕೆ ಎಂದು ಆಕೆ ಕೇಳಲಿಲ್ಲ, ಅವನು ಹೇಳಲಿಲ್ಲ. "ಕೇಳಿದ್ರೆ ಎಲ್ಲಾ ಹೇಳಬೇಕಾಗ್ತಿತ್ತು ಸ್ಟೋರಣ್ಣ. ಇಪ್ಪತ್ತೆರಡು ವರ್ಷದ ಸುಳ್ಳನ್ನ ಒಂದೇ ಸಲಕ್ಕೆ ಹೇಗೆ ಬಿಚ್ಚೋದು?" ಮಾರನೆಯ ದಿನದಿಂದ ಆಕೆ ಬರಲಿಲ್ಲ. ಹುಡುಗರು ಹೂಜಿ ಬರೆದರು. ಮುಂದಿನ ಸೋಮವಾರ ಚಾಕ್ ಕೇಳಲು ಯಾರೂ ಬರಲಿಲ್ಲ. ಕಿಟಕಿಯ ಅಂಚಿನಲ್ಲಿ ಒಂದನ್ನು ತೆಗೆದಿಟ್ಟು, ಇಡೀ ದಿನ ಅದನ್ನೇ ನೋಡುತ್ತಾ ಕೂತಿದ್ದೆ.

ಮಂಗಳವಾರ ಆಸ್ಪತ್ರೆಯ ಗೋಡೆಗೆ ನೋಟೀಸು ಬಿತ್ತು. ಗುರುವಾರ ಬೆಳಿಗ್ಗೆ ಚಿತ್ರಕ್ಕೆ ಸುಣ್ಣ ಬಳಿಯುವುದು, ಅಡ್ಡಿಪಡಿಸಿದ ವಿದ್ಯಾರ್ಥಿಗಳನ್ನು ಕಾಲೇಜಿನಿಂದ ತೆಗೆದುಹಾಕುವುದು, ನೌಕರರಿದ್ದರೆ ಕೆಲಸದಿಂದ ತೆಗೆಯುವುದು. ಇದ್ದಿಲು ವಿಳಾಸ ಕೇಳಿಕೊಂಡು ಸ್ಟೂಲಮ್ಮನ ಮನೆಗೆ ಹೋದಳು. ದಾರಿ ತೋರಿಸಲು ನಾನೂ ಹೋದೆ. ಒಂದೇ ಕೋಣೆಯ ಮನೆ. ಕಿಟಕಿಯ ಪಕ್ಕದ ಮೊಳೆಯಲ್ಲಿ ಮಗನ ಇನ್ನೊಂದು ಜೊತೆ ಯೂನಿಫಾರ್ಮು ಇಸ್ತ್ರಿಯಾಗಿ ತೂಗುತ್ತಿತ್ತು.

"ತಪ್ಪಾಯ್ತಮ್ಮ," ಎಂದಳು ಹುಡುಗಿ. "ಗುರುವಾರ ಅವರೇ ಅಳಿಸ್ತಾರೆ. ಇನ್ಮೇಲೆ ನಿಮಗೇನೂ ತೊಂದರೆ ಇರಲ್ಲ."

"ಆಸ್ಪತ್ರೆ?"

"ಗೋಡೆ ಮೇಲೆ ಚಿತ್ರ ಇರೋದಕ್ಕೇ ಜನ ಬಂದು ನೋಡ್ತಿದ್ದಾರೆ, ಪೇಪರಿನವರೂ ಬರ್ತಿದ್ದಾರೆ. ಅದು ಹೋದ್ರೆ ಮುಚ್ಚಿಬಿಡ್ತಾರೆ."

ಸ್ಟೂಲಮ್ಮ ಮಗನ ಯೂನಿಫಾರ್ಮಿನ ತೋಳಿನ ಮಡಿಕೆ ಸರಿಮಾಡಿದಳು. ಆಮೇಲೆ ಎಂದಳು, "ಇವನನ್ನ ಹೆತ್ತಿದ್ದು ಅಲ್ಲೇ. ಕಿಟಕಿ ಪಕ್ಕದ ಮಂಚ." ನನ್ನ ಕಡೆ ತಿರುಗಿದಳು. "ನನ್ನ ಕೇಳದೆ ಬರೆದಿದ್ದಕ್ಕೆ ಇವಳನ್ನ ಬೈದೆ. ಅವರು ಕೇಳದೆ ಸುಣ್ಣ ಬಳಿಯೋಕೆ ಬರ್ತಿದ್ದಾರೆ. ಮುಖ ನಂದು ತಾನೆ? ಮಸಿ ಬಳಿದರೂ ಒಂದೇ, ಸುಣ್ಣ ಬಳಿದರೂ ಒಂದೇ."

ಮಗ ಏನಂತಾನೆ ಎಂದು ನಾನು ಕೇಳಿದೆ. ಅವನು ಮನೆಬಿಟ್ಟು ಹೋಗ್ತಾನೇನೋ ಎಂದಳು. ಆಕೆಗೆ ಇದ್ದದ್ದು ಅವನೊಬ್ಬನೇ.

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ನನ್ನ ಕಿಟಕಿಗೆ ಬಂದಳು. "ಸೋಮವಾರದ್ದು ಕೊಡು ಅಣ್ಣ. ಇನ್ನೊಂದೂ ಕೊಡು. ಅಲ್ಲಿ ಕಲ್ಲು ಚಪ್ಪಡಿ, ಬೇಗ ಸವೆಯುತ್ತೆ." ತರಗತಿಯಿಂದ ಸ್ಟೂಲನ್ನೂ ತಾನೇ ಎತ್ತಿಕೊಂಡಳು. ಸ್ಟೋರಿಗೆ ಬೀಗ ಹಾಕಿ ನಾನೂ ಹಿಂದೆಯೇ ಹೋದೆ.

ಆ ಗೋಡೆಯ ಬುಡಕ್ಕೆ ಉದ್ದಕ್ಕೂ ತೆರೆದ ಚರಂಡಿ. ಅದನ್ನು ದಾಟಲು ಒಂದೇ ಕಡೆ ಚಪ್ಪಡಿ ಹಾಸಿದ್ದರು, ಚಿತ್ರದ ಮುಖದ ನೇರ ಕೆಳಗೆ. ಏಣಿ ನಿಲ್ಲಿಸಬೇಕೆಂದರೆ ಆ ಚಪ್ಪಡಿಯ ಮೇಲೆಯೇ ನಿಲ್ಲಿಸಬೇಕು. ಸುಣ್ಣದವರು ಬರುವ ಮೊದಲೇ ಆಕೆ ಅಲ್ಲಿ ಸ್ಟೂಲಿಟ್ಟು, ಶಾಲು ಹೊದ್ದು, ಪಾದದ ಸುತ್ತ ಗೆರೆ ಎಳೆದು ಕೂತಳು. ಹತ್ತು ಗಂಟೆಗೆ ಬಕೀಟು, ಏಣಿ ಹೊತ್ತು ಇಬ್ಬರು ಬಂದರು. ಜೊತೆಗೆ ಕೈಯಲ್ಲಿ ಫೈಲು ಹಿಡಿದ ಮೇಲ್ವಿಚಾರಕ. ಮೂವರೂ ಒಮ್ಮೆ ಕೆಳಗೆ ನೋಡಿದರು, ಒಮ್ಮೆ ಮೇಲೆ ನೋಡಿದರು.

"ಯಾವ ಸಂಘದವರಮ್ಮ ನೀವು?" ಮೇಲ್ವಿಚಾರಕ ಕೇಳಿದ.

"ಯಾವ ಸಂಘನೂ ಇಲ್ಲ. ಮೇಲಿರೋದು ನಾನು. ಬೇಕೋ ಬೇಡವೋ ಅಂತ ನನ್ನ ಕೇಳಿ."

"ಎಷ್ಟು ಹೊತ್ತು ಕೂರ್ತೀರಿ?"

"ನಲವತ್ತು ನಿಮಿಷ ಕೂರೋದು, ಹತ್ತು ನಿಮಿಷ ಬಿಡುವು," ಎಂದಳು ಆಕೆ, ಅಭ್ಯಾಸಬಲದಿಂದ.

ಬಾಯಿ ತಪ್ಪಿ ಕೆಟ್ಟಳು. ಮೇಲ್ವಿಚಾರಕ ನಕ್ಕ. "ಸರಿ ಹಾಗಾದ್ರೆ. ಬಿಡುವಿಗೆ ನೀವು ಏಳ್ತಿದ್ದ ಹಾಗೆ ನಾವು ಏಣಿ ಇಡ್ತೀವಿ," ಎಂದು ಎದುರಿನ ಅಂಗಡಿಯ ನೆರಳಿಗೆ ಹೋಗಿ ನಿಂತ. ಮುದುಕಿಯ ಮೈಗೆ ಕೈ ಹಚ್ಚಲು ಅವನಿಗೂ ಮನಸ್ಸಿರಲಿಲ್ಲ, ಕಾಯುವುದಕ್ಕೆ ಮಾತ್ರ ಬೇಜಾರಿರಲಿಲ್ಲ.

ಆಕೆ ಏಳಲಿಲ್ಲ. ಮೊದಲ ನಲವತ್ತು ನಿಮಿಷ ಕಳೆಯಿತು, ಎರಡನೆಯದೂ ಕಳೆಯಿತು. ಜನ ಸೇರಿದರು. ಮುದುಕಿ ಎಂದು ನಗುತ್ತಿದ್ದವರು ಅಲ್ಲಿಗೆ ಬಂದು ನೋಡಿ ನಗು ನಿಲ್ಲಿಸಿದರು. ಮೇಲೆ ಇದ್ದದ್ದೇ ಕೆಳಗೂ ಇದ್ದರೆ ನಗುವುದು ಕಷ್ಟ. ಹನ್ನೊಂದೂವರೆಯ ಹೊತ್ತಿಗೆ ಆಕೆಯ ಕಾಲು ಜೋಮು ಹಿಡಿದು ಪಾದ ಊದಿಕೊಂಡು ಚಾಕಿನ ಗೆರೆ ಮುಟ್ಟುತ್ತಿತ್ತು. ಹನ್ನೆರಡಕ್ಕೆ ತುಟಿ ಬೆಳ್ಳಗಾಗಿತ್ತು. ಹುಡುಗರ ಜೊತೆ ರಸ್ತೆಯಾಚೆ ಕೂತಿದ್ದ ಇದ್ದಿಲು ಎದ್ದು ಬರಲು ಹೊರಟರೆ ಮೇಲ್ವಿಚಾರಕ ಫೈಲು ಎತ್ತಿ ತೋರಿಸಿದ, ಸ್ಟೂಲಮ್ಮ ಕಣ್ಣಲ್ಲೇ ಬೇಡವೆಂದಳು. ನಾನು ಕೂರಬಹುದಿತ್ತು. ನಿವೃತ್ತಿಗೆ ಒಂದು ವರ್ಷ ಇತ್ತು. ನಾನು ಕೂರಲಿಲ್ಲ.

ಹನ್ನೆರಡೂ ಹತ್ತಕ್ಕೆ ಬಸ್ಸು ಬಂತು. ಮಗ ಫುಟ್‌ಬೋರ್ಡಿನ ಮೇಲೆ ನಿಂತು, ಎಂದಿನಂತೆ ಚೀಲದೊಳಗೆ ನೋಡುತ್ತಾ, "ಆಸ್ಪತ್ರೆ ಇಳಿಯೋರು," ಎಂದ. ಯಾರೋ, "ಅಯ್ಯೋ ನೋಡ್ರೋ, ಮುದುಕಿ ಇಳಿದು ಬಂದು ಕೂತಿದೆ!" ಎಂದು ಕೂಗಿದರು. ಆಗ ಅವನು ತಲೆ ಎತ್ತಿದ.

ಎಷ್ಟು ಹೊತ್ತು ನೋಡಿದನೋ. ಆಕೆ ಅವನನ್ನು ನೋಡಲಿಲ್ಲ, ಭಂಗಿಯಲ್ಲಿದ್ದಳು. ಇವನು ಈಗ ರೈಟ್ ಅಂದು ಸೀಟಿ ಊದಿದರೆ ಅಲ್ಲಿಗೆ ಆಕೆಯ ಕಥೆ ಮುಗಿಯುತ್ತದೆ ಎನ್ನಿಸಿತು. ಅವನು ಇಳಿದು ಬಂದ. ಚರಂಡಿಯ ಹತ್ತಿರ ನಿಂತು ಪಾದ ನೋಡಿದ, ಗೆರೆ ನೋಡಿದ.

"ಬೆಳಿಗ್ಗೆಯಿಂದ ಎದ್ದಿಲ್ವಾ?"

"ಏಳೋ ಹಾಗಿಲ್ಲ. ಎದ್ರೆ ಏಣಿ ಇಡ್ತಾರೆ."

ಅವನು ತಾಯಿಯ ತೋಳು ಹಿಡಿದು ಮೆಲ್ಲಗೆ ಎಬ್ಬಿಸಿದ. ಇದ್ದಿಲು ಓಡಿಬಂದು ಇನ್ನೊಂದು ತೋಳು ಹಿಡಿದುಕೊಂಡಳು. ಸುಣ್ಣದವರು ಏಣಿಗೆ ಕೈ ಹಾಕಿದರು. ಅಷ್ಟರಲ್ಲಿ ಅವನು ಟಿಕೆಟ್ ಚೀಲವನ್ನು ಹೊಟ್ಟೆಯ ಮೇಲೆ ಎಳೆದುಕೊಂಡು ಸ್ಟೂಲಿನ ಮೇಲೆ ತಾನೇ ಕೂತುಬಿಟ್ಟ.

"ಏನ್ರೀ ಕಂಡಕ್ಟರ್, ಡ್ಯೂಟಿ ಮೇಲಿದ್ದೀರಿ!" ಎಂದ ಮೇಲ್ವಿಚಾರಕ.

"ಹತ್ತು ನಿಮಿಷ ಬಿಡುವು ಸಾರ್," ಎಂದ ಅವನು. "ನಮ್ಮಮ್ಮಂದು."

ಅವನ ಬೂಟು ತಾಯಿಯ ಗೆರೆಗಿಂತ ದೊಡ್ಡದು. ಗೆರೆಯೊಳಗೆ ಹಿಡಿಸಲು ಸ್ವಲ್ಪ ಹೊತ್ತು ಅತ್ತಿತ್ತ ಸರಿಸಿ, ಆಗದೆ, ಗೆರೆ ಅಳಿಸದಂತೆ ಹಿಮ್ಮಡಿ ಊರಿ ಕೂತ. ಬಸ್ಸಿನಲ್ಲಿದ್ದವರು ಗೊಣಗಿದರು, ಆಮೇಲೆ ಒಬ್ಬೊಬ್ಬರಾಗಿ ಇಳಿದು ಬಂದು ನಿಂತರು. ಡ್ರೈವರು ಎಂಜಿನ್ ಆರಿಸಿದ.

ಆಸ್ಪತ್ರೆ ಏನಾಯಿತು ಎಂದು ನೀವು ಕೇಳುತ್ತೀರಿ. ಅಂದು ಸುಣ್ಣದವರು ಬಕೀಟು ಎತ್ತಿಕೊಂಡು ವಾಪಸು ಹೋದರು. ಆಸ್ಪತ್ರೆಯ ಅರ್ಧ ಉಳಿಯಿತು, ಅರ್ಧಕ್ಕೆ ಕಾರುಗಳು ಬಂದವು. ಚಿತ್ರ ಮೂರು ವರ್ಷ ಇದ್ದು ಬಿಸಿಲಿಗೆ ಬಣ್ಣ ಬಿಟ್ಟಿತು. ಇದ್ದಿಲು ಈಗ ಎಲ್ಲೋ ಚಿತ್ರಕಲೆ ಕಲಿಸುತ್ತಾಳೆ. ಮಾಡೆಲ್ ಕೂರಿಸುವ ಮೊದಲು ಅವರ ಹೆಸರು ಕೇಳಿ ಎಂದು ಮಕ್ಕಳಿಗೆ ಹೇಳುತ್ತಾಳಂತೆ. ಸ್ಟೂಲಮ್ಮ ಇನ್ನೂ ನಾಲ್ಕು ವರ್ಷ ಕೂತಳು, ಬೀದಿಗೆಲ್ಲ ಗೊತ್ತಾಗಿಯೇ ಕೂತಳು.

ನನ್ನ ಕಣ್ಣಿಗೆ ಕಟ್ಟಿರುವುದು ಮಾತ್ರ ಆಕೆ ಬಿಡುವು ಮುಗಿಸಿ ಬಂದ ಗಳಿಗೆ. ಮುಖ ತೊಳೆದು, ನೀರು ಕುಡಿದು ಬಂದಳು. ಮಗ ಎದ್ದ. ಆಕೆ ಗೆರೆಯೊಳಗೆ ಪಾದ ಇಟ್ಟಳು, ಕತ್ತು, ಭುಜ, ಕಣ್ಣು ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು. ಅವನು ಹೋಗದೆ ನಿಂತಿದ್ದ.

"ಇಷ್ಟು ವರ್ಷ ಹೀಗೆ ಸುಮ್ನೆ ಕೂತು ಏನ್ ಮಾಡ್ತಿದ್ದೆ ಅಮ್ಮ?"

ಆಕೆ ತಲೆ ತಿರುಗಿಸಲಿಲ್ಲ. ತುಟಿ ಮಾತ್ರ ಅಲ್ಲಾಡಿತು.

"ನೀನು ಸ್ಕೂಲಿಗೆ ಹೋಗ್ತಿದ್ದಾಗ ಲೆಕ್ಕ ಸುಲಭ ಇತ್ತು. ಈಗ ಪ್ರಾರ್ಥನೆ, ಈಗ ಊಟದ ಗಂಟೆ, ಈಗ ಮನೆಗೆ ಬಂದು ಬೀಗ ತೆಗೀತಿದ್ದಾನೆ ಅಂತ. ಬಸ್ ಸೇರಿದ್ಮೇಲೆ ಹೊಸದಾಗಿ ಕಲೀಬೇಕಾಯ್ತು. ಹತ್ತೂವರೆಗೆ ಡಿಪೋ ಬಿಡ್ತೀಯ. ಹನ್ನೆರಡೂ ಹತ್ತಕ್ಕೆ ಇಲ್ಲಿ. ಈಗ ಹನ್ನೆರಡೂ ಇಪ್ಪತ್ಮೂರು, ಮಾರ್ಕೆಟ್ ದಾಟಿ ಸೇತುವೆ ಹತ್ರ ಇರಬೇಕಿತ್ತು ನೀನು. ಹೋಗು, ಜನ ಕಾಯ್ತಿದ್ದಾರೆ."

ನಾನು ಕೈಗಡಿಯಾರ ನೋಡಿಕೊಂಡೆ. ಹನ್ನೆರಡೂ ಇಪ್ಪತ್ಮೂರೇ ಆಗಿತ್ತು.